ಶೇಖರ ಮಾವನ ಏಮೆಗಳು

ಬದಲಾಯಿಸದೆ ಬಿಟ್ಟ ನೀರಿಗೆ ಒಂದು ಹಸಿರು ವಾಸನೆಯಿರುತ್ತದೆ. ಪಾಚಿ, ಹಳಸಿದ ಸಿಗಡಿ, ಒದ್ದೆಯಾದ ಕೆಂಪು ಮುರಕಲ್ಲು ಎಲ್ಲವೂ ಸೇರಿದ ವಾಸನೆ ಅದು. ಅದನ್ನು ಒಳ್ಳೆಯದೆಂದು ಯಾರೂ ಹೇಳಲಾರರು. ಮಣಿಪಾಲದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಾನು ಟಬ್ಬಿನ ನೀರು ಚೆಲ್ಲುವ ಹೊತ್ತಿಗೆ ಪಕ್ಕದ ಮನೆಯವರು ಮೆಲ್ಲಗೆ ಕಿಟಕಿ ಎಳೆದುಕೊಳ್ಳುತ್ತಾರೆ. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ಟಬ್ಬನ್ನು ಉಜ್ಜುತ್ತೇನೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಮಟ್ಟುವಿನ ಮನೆಯ ಚಾವಡಿ ನನ್ನ ಸುತ್ತ ಎದ್ದು ನಿಲ್ಲುತ್ತದೆ. ಕಪ್ಪಾದ ಹೆಂಚಿನ ಮಾಡು, ಸರಳುಗಳ ಕಿಟಕಿ, ಕಿಟಕಿಯ ಬದಿಗೆ ಮಂಚ, ಮಂಚದ ಮೇಲೆ ದಿಂಬಿಗೊರಗಿ ನೆಲವನ್ನೇ ನೋಡುತ್ತಿರುವ ಶೇಖರ ಮಾವ. ನಿಮ್ಮ ಮೂಗಿನಲ್ಲೂ ಇಂಥ ಒಂದು ವಾಸನೆ ಉಳಿದಿದ್ದರೆ, ಬೇರೆಯವರು ಮುಖ ತಿರುಗಿಸುವಂಥದ್ದು ನಿಮಗೆ ಮಾತ್ರ ಮನೆಯಾಗಿದ್ದರೆ, ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ಮಟ್ಟು ಎಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನಡುವೆ ಉಳಿದ ಮರಳುಮಣ್ಣಿನ ಪಟ್ಟಿಯಲ್ಲಿ ಗುಳ್ಳ ಎನ್ನುವ ದುಂಡು ಬದನೆಯ ಗದ್ದೆಗಳು, ತೆಂಗಿನ ಮರಗಳು, ನಾವು. ನಮ್ಮ ಮನೆ ಹೊಳೆಯ ಬದಿಗಿತ್ತು. ಮನೆಯಲ್ಲಿದ್ದವರು ಮೂವರು: ಅಮ್ಮ, ಅಮ್ಮನ ತಮ್ಮ ಶೇಖರ ಮಾವ, ನಾನು. ಅಪ್ಪ ಮುಂಬೈಯ ಹೋಟೆಲೊಂದರಲ್ಲಿದ್ದವರು, ವರ್ಷಕ್ಕೊಮ್ಮೆ ಬರುತ್ತಿದ್ದವರು, ಬರುವುದನ್ನು ನಿಲ್ಲಿಸಿದ್ದರು. ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಮ್ಮ ಬೆಳಕು ಹರಿಯುವ ಮೊದಲೇ ಬೋಟುಗಳು ಬಂದು ನಿಲ್ಲುವ ಮಲ್ಪೆಯ ದಕ್ಕೆಗೆ ಹೋಗಿ ಮೀನು ಕೊಂಡು, ಕಟಪಾಡಿಯಲ್ಲಿ ಕುಳಿತು ಮಾರಿ, ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿದ್ದಳು. ಮಾವ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದವನು. ಕಡಲಿಗೆ ಹೋದರೆ ವಾರಗಟ್ಟಲೆ ಅತ್ತಲೇ. ಬಂದಾಗ ಅವನ ಅಂಗಿಯಲ್ಲಿ ಡೀಸೆಲ್ ಮತ್ತು ಉಪ್ಪಿನ ವಾಸನೆ, ಕೈಯಲ್ಲಿ ನನಗೆಂದು ಒಂದು ಪೊಟ್ಟಣ ಸಕ್ಕರೆ ಮಿಠಾಯಿ. ಅವನು ಹಿತ್ತಿಲಿನಲ್ಲಿ ನಿಂತು ಮಾತಾಡಿದರೆ ಗದ್ದೆಯಾಚೆಯ ಲೀಲಕ್ಕ ತಮ್ಮ ಅಂಗಳದಿಂದಲೇ ಉತ್ತರ ಕೊಡುತ್ತಿದ್ದರು. ಇಂಜಿನಿನ ಸದ್ದಿನ ಮೇಲೆ ಕೂಗಿ ಕೂಗಿ ಅವನಿಗೆ ಮೆಲುದನಿಯೇ ಮರೆತುಹೋಗಿತ್ತು.

ನಾನು ಒಂದನೆಯ ತರಗತಿಯಲ್ಲಿದ್ದಾಗ, ದಕ್ಕೆಯಲ್ಲಿ ಮೀನು ಇಳಿಸುತ್ತಿರುವಾಗ ಮಾವ ಕಾಲು ಜಾರಿ ಬೋಟಿನ ಮೀನು ತುಂಬುವ ಗುಂಡಿಗೆ ಬೆನ್ನಡಿಯಾಗಿ ಬಿದ್ದ. ಮಣಿಪಾಲದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಮನೆಗೆ ಬಂದವನ ಸೊಂಟದ ಕೆಳಗೆ ಜೀವ ಇರಲಿಲ್ಲ. ಬೋಟಿನವರು ಅವನನ್ನು ಎತ್ತಿಕೊಂಡು ಬಂದು ಕಿಟಕಿಯ ಬದಿಯ ಮಂಚದ ಮೇಲೆ ಮಲಗಿಸಿ, ಚಾ ಕುಡಿದು, ಯಾವ ಮಾತನ್ನೂ ಪೂರ್ತಿ ಆಡದೆ ಹೋದರು. ಆ ದಿನದಿಂದ ಅವನ ದನಿ ಇಳಿಯಿತು. ನೀರು ಬೇಕಾದರೂ ಕೇಳದೆ, ನಾವು ನೋಡುವವರೆಗೆ ಲೋಟದ ಕಡೆ ನೋಡುತ್ತ ಮಲಗಿರುತ್ತಿದ್ದ. ಅಮ್ಮ ಬೆಳಗ್ಗೆ ಅವನನ್ನು ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರು ಹಾಕಿ ಹೋಗುತ್ತಿದ್ದಳು. ಬಂದ ಕೂಡಲೇ ಮತ್ತೆ ಅದೇ. ಮದುವೆ ಮುಂಜಿ ಎಂದು ಯಾರಾದರೂ ಕರೆಯಲು ಬಂದರೆ ಅಮ್ಮ ಕರೆಯೋಲೆಯನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದಳು. ಹೋಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಕರೆದವರಿಗೂ.

ಏಮೆಗಳು ಬಂದದ್ದು ಆ ವರ್ಷವೇ. ಆಮೆಗೆ ನಮ್ಮ ತುಳುವಿನಲ್ಲಿ ಏಮೆ ಎನ್ನುತ್ತೇವೆ. ಮನೆಯಲ್ಲಿ ಅವಕ್ಕೆ ಬೇರೆ ಹೆಸರನ್ನು ಯಾರೂ ಇಡಲಿಲ್ಲ. ತಂದುಕೊಟ್ಟವಳು ವಸಂತಿ. ಪಡುಬಿದ್ರಿಯವಳು, ಉಡುಪಿಯಲ್ಲಿ ಬಣ್ಣದ ಮೀನು, ಗಾಜಿನ ತೊಟ್ಟಿ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಮಾವನಿಗೆ ಅವಳನ್ನು ನಿಶ್ಚಯ ಮಾಡಿ ಆಗಿತ್ತು; ಮಳೆಗಾಲ ಕಳೆದ ಮೇಲೆ ಮದುವೆ ಎಂದಿತ್ತು, ಅಷ್ಟರಲ್ಲಿ ಇದಾಯಿತು. ಒಂದು ಭಾನುವಾರ ಅವಳು ಒಬ್ಬಳೇ ಬಂದಳು. ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯೊಂದು ಅವಳ ಮಡಿಲಲ್ಲಿತ್ತು. ಮುಚ್ಚಳ ತೆಗೆದು ಮಾವನ ಎದೆಯ ಮೇಲೆ ಟವೆಲು ಹಾಸಿ ಎರಡು ಪುಟ್ಟ ಹಸಿರು ಜೀವಗಳನ್ನು ಬಿಟ್ಟಳು. ಕಣ್ಣಿನ ಹಿಂದೆ ಯಾರೋ ಕುಂಕುಮದ ಬೆರಳು ಎಳೆದಂತೆ ಕೆಂಪು ಗೀಟು. ಮಾವ ಉಸಿರು ಬಿಗಿಹಿಡಿದು ಮಲಗಿದ್ದ, ಉಸಿರಾಡಿದರೆ ಅವು ಉರುಳಿ ಬೀಳುತ್ತವೆಂಬಂತೆ.

"ಇವಕ್ಕೆ ಬಿಸಿಲು ಬೇಕು," ಎಂದಳು ವಸಂತಿ. "ಬಿಸಿಲು ಬೀಳದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ನೀರಿನಲ್ಲಿ ಒಂದು ಕಲ್ಲು ಇಡಿ, ಹತ್ತಿ ಕೂತುಕೊಳ್ಳಲಿಕ್ಕೆ. ಮತ್ತೆ ಎಂತ ಕೊಟ್ಟರೂ ತಿನ್ನುತ್ತವೆ."

"ನಾನೇ ಬಿಸಿಲು ಕಾಣದವ. ಇವಕ್ಕೆ ಎಲ್ಲಿಂದ ತರಲಿ?" ಎಂದ ಮಾವ.

"ಹುಡುಕಿ," ಎಂದಳು ಅವಳು. ಅಷ್ಟೇ. ಅಮ್ಮ ಚಾ ತಂದಿಟ್ಟರೂ ಕುಡಿಯದೆ ಎದ್ದಳು. ಮುಂದಿನ ಬೇಸಿಗೆಯಲ್ಲಿ ಅವಳ ಮನೆಯವರು ಅವಳನ್ನು ಕಾರ್ಕಳದ ಕಡೆಗೆ ಮದುವೆ ಮಾಡಿ ಕೊಟ್ಟರು. ಸುದ್ದಿ ತಂದವರ ಮುಂದೆ ಮಾವ, "ಒಳ್ಳೆದಾಯ್ತು," ಎಂದ. ಅವರು ಹೋದ ಮೇಲೆ ನನ್ನನ್ನು ಕರೆದು ನೀರು ಬದಲಾಯಿಸಲು ಹೇಳಿದ. ಅದು ಬೆಳಗ್ಗೆಯಷ್ಟೇ ಬದಲಾಯಿಸಿದ ನೀರು. ನಾನು ಮತ್ತೆ ಬಾವಿಯಿಂದ ಸೇದಿ ತಂದೆ.

ಅಮ್ಮನಿಗೆ ಏಮೆಗಳ ಬಗ್ಗೆ ಮೊದಲಿನಿಂದಲೂ ಅಳುಕಿತ್ತು. ಬಲೆಗೆ ಕಡಲ ಆಮೆ ಸಿಕ್ಕಿದರೆ ಕೈಮುಗಿದು ನೀರಿಗೆ ಬಿಡುವ ಜನ ನಾವು. "ನೀನೇ ಎಷ್ಟೋ ಏಮೆಗಳನ್ನು ಬಲೆ ಕತ್ತರಿಸಿ ಬಿಟ್ಟವನಲ್ವಾ ಶೇಖರ, ಈಗ ಬೇಸನ್ನಿನಲ್ಲಿ ಇಟ್ಟು ಕೂತಿದ್ದೀಯಲ್ಲ. ಹೊಳೆಗೆ ಬಿಟ್ಟುಬಿಡುವ," ಎನ್ನುತ್ತಿದ್ದಳು. ಮಾವ ತಲೆಯಾಡಿಸುತ್ತಿದ್ದ. "ಇವು ಇಲ್ಲಿಯವಲ್ಲ ಅಕ್ಕ. ಯಾವುದೋ ಹೊರದೇಶದ ಜಾತಿಯಂತೆ, ಅವಳು ಹೇಳಿದ್ದಾಳೆ. ಕಡಲಿಗೆ ಬಿಟ್ಟರೆ ಇವು ಸಾಯುತ್ತವೆ. ಹೊಳೆಗೆ ಬಿಟ್ಟರೆ ಹೊಳೆಯಲ್ಲಿರುವ ಮೀನುಮರಿಯೆಲ್ಲ ಮುಗಿಸುತ್ತವೆ. ಇವಕ್ಕೆ ಹೋಗಲಿಕ್ಕೆ ಜಾಗ ಇಲ್ಲ." ಅಮ್ಮ ಬುಟ್ಟಿಯ ತಳದಲ್ಲಿ ಉಳಿದ ಚಿಕ್ಕ ಸಿಗಡಿಗಳನ್ನು ಸುಲಿದು ಬೇಸನ್ನಿಗೆ ಹಾಕುತ್ತಿದ್ದಳು. ಅಳುಕು ಎಷ್ಟೇ ಇರಲಿ, ಒಂದು ದಿನವೂ ಅವಳು ಅವುಗಳ ಪಾಲನ್ನು ಮರೆತದ್ದಿಲ್ಲ. ಹಿತ್ತಿಲಿನ ಬಸಳೆಯ ಎಳೆಯ ಎಲೆ ಎಂದರೆ ಅವಕ್ಕೆ ಪ್ರಾಣ. ಲೀಲಕ್ಕ ಅಭಿಮಾನದಿಂದ ತಂದುಕೊಟ್ಟ ಗುಳ್ಳದ ಹೋಳನ್ನು ಮಾತ್ರ ಮೂಸಿಯೂ ನೋಡಲಿಲ್ಲ. "ಇಡೀ ಉಡುಪಿಯೇ ತಿನ್ನುವ ಗುಳ್ಳ ಮಾರಾಯ್ತಿ, ಇವಕ್ಕೆ ಬೇಡವಂತೆ," ಎಂದು ಲೀಲಕ್ಕ ಬಹಳ ದಿನ ಬೇಸರಪಟ್ಟುಕೊಂಡರು.

ಬೀಗದ ಮಾತು ಹೇಳಬೇಕು. ಇನ್ನೂ ಚಿಕ್ಕವಳಿದ್ದಾಗ ನಾನೊಮ್ಮೆ ಯಾರ ಕಣ್ಣಿಗೂ ಬೀಳದೆ ಹೊಳೆಯ ಅಂಚಿಗೆ ಹೋಗಿ, ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತು ನಿಂತಿದ್ದೆನಂತೆ. ಲೀಲಕ್ಕ ಕಂಡು ಎಳೆದು ತಂದರಂತೆ. ಅಂದಿನಿಂದ ಅಮ್ಮನಿಗೆ ಹೊಳೆಯೆಂದರೆ ಭಯ. ಶಾಲೆ ಇಲ್ಲದ ದಿನ ನನ್ನನ್ನು ಮಾವನ ಜೊತೆ ಒಳಗೆ ಬಿಟ್ಟು, ಹಿಂದಿನ ಬಾಗಿಲಿಗೆ ಒಳಗಿನಿಂದ, ಮುಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಎರಡೂ ಕೀಲಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಬೀಗ ಕಚ್ಚಿಕೊಳ್ಳುವ ಆ ಸಣ್ಣ ಸದ್ದು ಕೇಳಿದ ಮೇಲೆ ಚಾವಡಿಯಲ್ಲಿ ಗಾಳಿಯೂ ನಿಂತಂತಾಗುತ್ತಿತ್ತು. ಬೇಸಿಗೆ ರಜೆಯ ಬೆಳಗುಗಳು ಮುಗಿಯುತ್ತಲೇ ಇರಲಿಲ್ಲ. ಹೆಂಚಿನಿಂದ ಕಾವು ಇಳಿಯುತ್ತಿತ್ತು, ಮಾವನ ಪೌಡರಿನ ವಾಸನೆ, ಏಮೆಯ ನೀರಿನ ವಾಸನೆ, ಹಿಂದಿನ ದಿನದ ಮೀನು ಬುಟ್ಟಿಯ ವಾಸನೆ ಒಂದರೊಳಗೊಂದು ಬೆರೆತು ನಿಲ್ಲುತ್ತಿದ್ದವು. ಸರಳುಗಳ ಆಚೆ ಬೇರೆ ಮಕ್ಕಳು ಗೇರುಹಣ್ಣು ಹೆಕ್ಕಲು ಓಡುವುದು ಕಾಣುತ್ತಿತ್ತು. ನಾನು ಸರಳಿಗೆ ಹಣೆಯೊತ್ತಿ ನಿಲ್ಲುತ್ತಿದ್ದೆ. ಕಬ್ಬಿಣದ ತಂಪು ಸ್ವಲ್ಪ ಹೊತ್ತಿಗೆ ಬೆಚ್ಚಗಾಗಿ ಬಿಡುತ್ತಿತ್ತು. ಆಮೇಲೆ ಇನ್ನೊಂದು ಸರಳು.

ಬಿಸಿಲನ್ನು ಹುಡುಕಿದ್ದು ಆ ದಿನಗಳಲ್ಲೇ. ಬೆಳಗ್ಗೆ ಹೊತ್ತು ಮೇಲೇರಿದ ಮೇಲೆ ಕಿಟಕಿಯಿಂದ ಒಂದು ತುಂಡು ಬಿಸಿಲು ಗೋಡೆಯ ಬುಡಕ್ಕೆ ಬಂದು ಬೀಳುತ್ತಿತ್ತು, ಸರಳುಗಳ ನೆರಳಿನ ಸಮೇತ. ಅದು ನಿಧಾನವಾಗಿ ನೆಲದ ಮೇಲೆ ಸರಿಯುತ್ತ ಮಂಚದ ಕಾಲಿನವರೆಗೆ ಬಂದು ಮಾಯವಾಗುತ್ತಿತ್ತು. ಮಾವ ಮಲಗಿದಲ್ಲಿಂದಲೇ ಅದನ್ನು ಕಾದು, "ಮಗಾ, ಸ್ವಲ್ಪ ಈಚೆ ತಳ್ಳು," ಎನ್ನುತ್ತಿದ್ದ. ನಾನು ಕುಕ್ಕರಗಾಲಿನಲ್ಲಿ ಕುಳಿತು ಬೇಸನ್ನನ್ನು ನೀರು ತುಳುಕದಂತೆ ತಳ್ಳುತ್ತಿದ್ದೆ. ಏಮೆಗಳು ಮುರಕಲ್ಲಿನ ತುಂಡಿನ ಮೇಲೆ ಹತ್ತಿ, ಹಿಂಗಾಲುಗಳನ್ನು ಚಾಚಿ, ಕುತ್ತಿಗೆ ಎತ್ತಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಬಿಸಿಲು ಸರಿದಂತೆ ಬೇಸನ್ನೂ ಸರಿಯುತ್ತಿತ್ತು. ಆ ಹೊತ್ತಿನಲ್ಲಿ ಮಾವ ಮಾತಾಡುತ್ತಿದ್ದ. ಕಡಲಿನ ನೀರಿಗೆ ಎಲ್ಲೆಲ್ಲಿ ಬಣ್ಣ ಬದಲಾಗುತ್ತದೆ, ಬಂಗುಡೆಯ ಹಿಂಡು ಬಂದಾಗ ನೀರು ಹೇಗೆ ಕುದಿಯುವಂತೆ ಕಾಣುತ್ತದೆ, ಕಾಪುವಿನ ದೀಪಸ್ತಂಭ ಕಡಲಿನ ಕಡೆಯಿಂದ ನೋಡಿದರೆ ಎಷ್ಟು ಸಣ್ಣದು. ಬಿಸಿಲು ಮಂಚದ ಕಾಲು ತಲುಪಿ ಆರಿದ ಕೂಡಲೇ ಅವನ ಮಾತೂ ನಿಲ್ಲುತ್ತಿತ್ತು. ಒಂದರ ಮುಂಗಾಲಿನ ಉಗುರುಗಳು ಉದ್ದವಾಗಿ ಬೆಳೆದಾಗ, "ಇದು ಗಂಡು," ಎಂದು ತೀರ್ಮಾನಿಸಿದವನೂ ಅವನೇ. ಇನ್ನೊಂದು ದಪ್ಪಗೆ, ಅಗಲವಾಗಿ ಬೆಳೆಯುತ್ತಿತ್ತು. ಬೇಸನ್ನು ಸಾಲದಾದಾಗ ಅಮ್ಮ ನೀಲಿ ಡ್ರಮ್ಮೊಂದನ್ನು ಅಡ್ಡಕ್ಕೆ ಕತ್ತರಿಸಿ ತರಿಸಿದಳು. ರಾತ್ರಿ ಹಗಲೆನ್ನದೆ ಅವು ಅದರ ಗೋಡೆಯನ್ನು ಉಗುರಿನಿಂದ ಕೆರೆಯುತ್ತಿದ್ದವು. ಹತ್ತಲಾಗದ ಗೋಡೆ. ಜಾರಿ ಬೀಳುವುದು, ಮತ್ತೆ ಕೆರೆಯುವುದು. ನಮ್ಮ ಮನೆಯ ಗಡಿಯಾರದ ಸದ್ದಿಗಿಂತ ನನಗೆ ಆ ಸದ್ದೇ ಚೆನ್ನಾಗಿ ನೆನಪಿದೆ.

ನಾಲ್ಕನೆಯ ತರಗತಿಯ ಮಳೆಗಾಲದಲ್ಲಿ ಮಳೆ ಬಿಡದೆ ಸುರಿದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಬೋಟುಗಳು ದಡದಲ್ಲಿದ್ದರೂ ಅಮ್ಮ ಒಣಮೀನು ಮಾರಲು ಕಟಪಾಡಿಗೆ ಹೋಗಿದ್ದಳು. ಹೊಳೆ ತುಂಬಿತ್ತು, ಆದರೆ ಅದು ವರ್ಷವೂ ತುಂಬುವುದೇ. ನಾನು ನೆಲದ ಮೇಲೆ ಕುಳಿತು ಬಣ್ಣದ ಕಡ್ಡಿಯಲ್ಲಿ ಗೀಚುತ್ತಿದ್ದೆ. ಬಾಗಿಲಿನ ಸಂದಿಯಿಂದ ನೀರಿನ ಒಂದು ಕಂದು ನಾಲಗೆ ಒಳಗೆ ಬಂದದ್ದನ್ನು ನೋಡಿ ಮೊದಲು ನನಗೆ ನಗು ಬಂತು. ಅದು ನನ್ನ ಹಾಳೆಯನ್ನು ಮುಟ್ಟಿ, ದಾಟಿ, ಮಂಚದ ಕೆಳಗೆ ಹೋಯಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ಪಾದ ಮುಳುಗಿತ್ತು.

"ಮಂಚ ಹತ್ತು," ಎಂದ ಮಾವ. ದನಿಯಲ್ಲಿ ಗಾಬರಿ ಇರಲಿಲ್ಲ. ನಾನು ಹತ್ತಿ ಅವನ ಪಕ್ಕ ಕುಳಿತೆ. ನೀರು ಸದ್ದಿಲ್ಲದೆ ಏರಿತು. ಚಪ್ಪಲಿಗಳು, ಮೀನು ಬುಟ್ಟಿ, ನನ್ನ ಚೀಲ ಒಂದೊಂದಾಗಿ ತೇಲಿದವು. ಆಮೇಲೆ ಡ್ರಮ್ಮು ತೇಲಿ, ವಾಲಿ, ಮಗುಚಿಕೊಂಡಿತು. ಏಮೆಗಳು ಹೊರಗೆ ಬಂದವು. ಅಲ್ಲಿಯವರೆಗೆ ಅವು ಈಜುವುದನ್ನು ನಾನು ನೋಡಿರಲೇ ಇಲ್ಲ ಎಂದು ಆಗ ತಿಳಿಯಿತು. ಇಷ್ಟು ವರ್ಷ ನಾನು ನೋಡಿದ್ದು ಬೇಸನ್ನಿನ, ಡ್ರಮ್ಮಿನ ಅಷ್ಟಿಷ್ಟು ಜಾಗದೊಳಗಿನ ಹೊರಳಾಟವನ್ನು. ಈಗ ಅವು ಚಾವಡಿಯ ಆ ಮೂಲೆಯಿಂದ ಈ ಮೂಲೆಗೆ, ಕಾಲುಗಳನ್ನು ಪೂರ್ತಿ ಚಾಚಿ, ತಿರುಗಿ, ಮುಳುಗಿ, ಎದ್ದು ಹೋಗುತ್ತಿದ್ದವು. ಮಾವ ನೀರು ಏರುವುದನ್ನು ಮರೆತವನಂತೆ ಅವನ್ನೇ ನೋಡುತ್ತಿದ್ದ. ನೀರು ಹಾಸಿಗೆಯ ಅಂಚನ್ನು ಒದ್ದೆ ಮಾಡಿದಾಗ ನಾನು ಅಳತೊಡಗಿದೆ. ಕಿಟಕಿಯ ಸರಳು ಹಿಡಿದು ಲೀಲಕ್ಕಾ ಎಂದು ಕೂಗಿದೆ. ಮಳೆ ನನ್ನ ದನಿಯನ್ನು ಕಿಟಕಿಯ ಬಳಿಯಲ್ಲೇ ನುಂಗಿತು.

ಆಗ ಮಾವ ಎರಡೂ ಕೈಯೂರಿ, ದಿಂಬಿನ ಮೇಲೆ ಮೈ ಎತ್ತಿ, ಕಿಟಕಿಗೆ ಮುಖ ಮಾಡಿ ಕೂಗಿದ. ಬೋಟಿನಿಂದ ಬೋಟಿಗೆ ಕೂಗುವ ಕೂಗು, ಉದ್ದಕ್ಕೆ ಎಳೆದು ಕೊನೆಯಲ್ಲಿ ಮೇಲಕ್ಕೆ ಎಸೆಯುವ ಕೂಗು. ನನ್ನ ಕೈ ಅವನ ಬೆನ್ನ ಮೇಲಿತ್ತು. ಎಲುಬುಗಳು ನಡುಗಿದ್ದು ನನಗೆ ತಿಳಿಯಿತು. ಇಷ್ಟು ವರ್ಷ ಎಲ್ಲಿಟ್ಟಿದ್ದನೋ ಅದನ್ನು. ಎರಡನೆಯ ಸಲ ಕೂಗಿದಾಗ ಗದ್ದೆಯಾಚೆಯಿಂದ ಲೀಲಕ್ಕನ ದನಿ ಬಂತು.

ಅವರು ಸೊಂಟದ ನೀರಿನಲ್ಲಿ ಹಾರೆ ಹೊತ್ತು ಬಂದು ಬೀಗದ ಕೊಂಡಿಯನ್ನು ಕಿತ್ತರು. ಹಿಂದಿನಿಂದ ನೆರೆಮನೆಯ ಇಬ್ಬರು ದೋಣಿಯನ್ನು ಅಂಗಳಕ್ಕೆ ತಂದರು. ಮಾವನನ್ನು ಎತ್ತುವಾಗ ಅವನು, "ಏಮೆ, ಏಮೆ ಹಿಡಿಯಿರಿ," ಎನ್ನುತ್ತಲೇ ಇದ್ದ. ದಪ್ಪದ್ದು, ಹೆಣ್ಣು, ಮಂಚದ ಕೆಳಗಿತ್ತು; ಲೀಲಕ್ಕ ಅದನ್ನು ಹಿಡಿದು ನನ್ನ ಮಡಿಲಿಗೆ ಹಾಕಿದರು. ಗಂಡು ಕಾಣಲಿಲ್ಲ. ತೆರೆದ ಬಾಗಿಲಿನಿಂದ ಈಜಿ ಹೋಗಿತ್ತು. ದೋಣಿ ಗುಳ್ಳದ ಗದ್ದೆಯ ಮೇಲೆ ಸಾಗಿತು. ಕೆಳಗೆ ನೀರಿನಲ್ಲಿ ಗಿಡಗಳು ನೆಟ್ಟಗೆ ನಿಂತಿದ್ದವು, ತಿಳಿಹಸಿರು ಗುಳ್ಳಗಳು ತೂಗುತ್ತಿದ್ದವು. ಬಿದ್ದ ಮೇಲೆ ಮೊದಲ ಸಲ ದೋಣಿಯಲ್ಲಿ ಮಲಗಿದ್ದ ಮಾವ ಒಂದು ಕೈಯನ್ನು ಹೊರಗಿಳಿಸಿ ನೀರಿನಲ್ಲಿ ಎಳೆದುಕೊಂಡು ಬಂದ. ಯಾರೂ ಬೇಡವೆನ್ನಲಿಲ್ಲ.

ಕಟಪಾಡಿಯ ಶಾಲೆಯೊಂದರಲ್ಲಿ ನಮ್ಮನ್ನೆಲ್ಲ ಇಳಿಸಿದ್ದರು. ಅಮ್ಮ ಸಂಜೆ ಹುಡುಕಿಕೊಂಡು ಬಂದಳು. ಬಂದವಳು ನಮ್ಮ ಎದುರು ಬೆಂಚಿನ ಮೇಲೆ ಕುಳಿತು, ಸೊಂಟದ ಕೀಲಿಗಳನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದಳು. "ನಾನು ಬೀಗ ಹಾಕಿ ಹೋದೆ ಶೇಖರ," ಎಂದಳು.

"ನೀನು ಹಾಕಿದ್ದು ಹೊಳೆಗೆ ಹೆದರಿ. ಹೊಳೆಯೇ ಒಳಗೆ ಬಂತು, ನೀನೆಂತ ಮಾಡುವುದು," ಎಂದ ಮಾವ. ಕೀಲಿಗಳ ಕಡೆ ನೋಡಿ, "ಇನ್ನು ಹಾಕಬೇಡ ಅಕ್ಕ," ಎಂದ.

ಅವಳು ಮತ್ತೆ ಹಾಕಲಿಲ್ಲ. ಮಳೆ ಕಳೆದು ಹೊಳೆ ಇಳಿದ ಮೇಲೆ, ದಿನವೂ ಸಂಜೆ ನನ್ನನ್ನು ನೀರಿಗೆ ಕರೆದುಕೊಂಡು ಹೋಗಿ, ಸೀರೆ ಎತ್ತಿಕಟ್ಟಿ ಎದೆಯುದ್ದದ ನೀರಿನಲ್ಲಿ ನಿಂತು, ನನ್ನ ಹೊಟ್ಟೆಯ ಕೆಳಗೆ ಕೈಯಿಟ್ಟು ಈಜು ಕಲಿಸಿದಳು. ಮನೆಯ ಬಾಗಿಲು ಈಗ ಹಗಲೆಲ್ಲ ತೆರೆದೇ ಇರುತ್ತಿತ್ತು. ಬೆಳಕು ಬರುತ್ತಿತ್ತು, ಕೋಳಿಗಳು ಬರುತ್ತಿದ್ದವು. ಆದರೆ ಮಾವನಿಗೆ ಬಾಗಿಲಿನವರೆಗೂ ಹೋಗಲಾಗುತ್ತಿರಲಿಲ್ಲ, ಅವನನ್ನು ಬಿಟ್ಟು ಅಮ್ಮನಿಗೂ ಹೋಗಲಾಗುತ್ತಿರಲಿಲ್ಲ. ತೆರೆದ ಬಾಗಿಲನ್ನು ನೋಡುತ್ತ ಮಲಗುವುದು ಮುಚ್ಚಿದ್ದಕ್ಕಿಂತ ಹೆಚ್ಚು ಕಷ್ಟವೋ ಏನೋ. ಅವನು ಗೋಡೆಯ ಕಡೆ ತಿರುಗಿಸಿ ಮಲಗಿಸಲು ಹೇಳುವ ದಿನಗಳು ಬಂದವು. ಓಡಿಹೋದ ಗಂಡೇಮೆಯ ಬಗ್ಗೆ ಅವನನ್ನು ಒಮ್ಮೆ ಕೇಳಿದೆ, ಅದು ಹೊಳೆಯ ಮೀನುಗಳನ್ನೆಲ್ಲ ತಿಂದುಬಿಡುವುದಿಲ್ಲವೇ ಎಂದು. "ಒಂದೇ ಅಲ್ವಾ," ಎಂದ. "ಒಂದರಿಂದ ಸಂತಾನ ಆಗುವುದಿಲ್ಲ. ತನ್ನ ಪಾಡಿಗೆ ಒಂಟಿಯಾಗಿ ಇರ್ತದೆ."

ನಾನು ಉಡುಪಿಯ ಕಾಲೇಜಿಗೆ ಹೋಗತೊಡಗಿದ ವರ್ಷ, ಮಳೆಗಾಲಕ್ಕೆ ಸ್ವಲ್ಪ ಮೊದಲು, ಊಟದ ತಟ್ಟೆಯಷ್ಟಗಲ ಬೆಳೆದಿದ್ದ ಹೆಣ್ಣೇಮೆ ತಿನ್ನುವುದನ್ನು ಬಿಟ್ಟಿತು. ಸಿಗಡಿ ಬೇಡ, ಬಸಳೆ ಬೇಡ. ಹಿಂಗಾಲಿನಿಂದ ಡ್ರಮ್ಮಿನ ತಳವನ್ನು ಕೆರೆದದ್ದೇ ಕೆರೆದದ್ದು. ಅಮ್ಮ ರೋಗವೆಂದಳು. ಮಾವ ಎರಡು ದಿನ ನೋಡಿ, "ಅದಕ್ಕೆ ಮೊಟ್ಟೆ ಇಡಬೇಕು. ಮಣ್ಣು ಬೇಕು," ಎಂದ. ಆಮೇಲೆ ಯಾರೂ ನಿರೀಕ್ಷಿಸದ ಮಾತೊಂದನ್ನು ಹೇಳಿದ: "ನನ್ನನ್ನೂ ಕರೆದುಕೊಂಡು ಹೋಗಿ."

ಲೀಲಕ್ಕನ ಮನೆಯವರು ಅವನನ್ನು ಪ್ಲಾಸ್ಟಿಕ್ ಕುರ್ಚಿಗೆ ಟವೆಲಿನಿಂದ ಕಟ್ಟಿ ಎತ್ತಿಕೊಂಡು ಹೋಗಿ ಗದ್ದೆಯ ಮೂಲೆಯಲ್ಲಿ ತೆಂಗಿನ ನೆರಳಿಗೆ ಇಟ್ಟರು. ನಾನು ಏಮೆಯನ್ನು ಮಣ್ಣಿಗೆ ಬಿಟ್ಟೆ. ಅದು ಅತ್ತಿತ್ತ ನಡೆದು, ಮೂಸಿ, ಕೊನೆಗೆ ಬೇಲಿಯ ಬುಡದ ಸಡಿಲ ಮಣ್ಣಿನಲ್ಲಿ ನಿಂತು ಹಿಂಗಾಲಿನಿಂದ ತೋಡತೊಡಗಿತು. ಒಂದು ಕಾಲು, ಮತ್ತೊಂದು ಕಾಲು, ಬೆನ್ನ ಹಿಂದೆ ಏನಾಗುತ್ತಿದೆಯೆಂದು ಒಮ್ಮೆಯೂ ತಿರುಗಿ ನೋಡದೆ. ಪುಟ್ಟದಿದ್ದಾಗಿನಿಂದ ಪ್ಲಾಸ್ಟಿಕ್ಕಿನಲ್ಲೇ ಬೆಳೆದು ಮಣ್ಣನ್ನೇ ತುಳಿಯದ ಜೀವ. ಅದಕ್ಕೆ ಯಾರು ಹೇಳಿಕೊಟ್ಟರು? ಮಧ್ಯಾಹ್ನವೆಲ್ಲ ಹೋಯಿತು. ಅಮ್ಮ ಬುಟ್ಟಿ ಇಳಿಸಿ ನಮ್ಮ ಬಳಿ ಬಂದು ಕುಳಿತಳು. ಬಿಳಿಯ, ಉದ್ದುದ್ದನೆಯ ಮೊಟ್ಟೆಗಳು ಒಂದೊಂದಾಗಿ ಗುಂಡಿಗೆ ಬಿದ್ದವು. ಅದು ಮಣ್ಣು ಎಳೆದು ಮುಚ್ಚಿ, ಹೊಟ್ಟೆಯಿಂದ ಒತ್ತಿ, ಸುಸ್ತಾಗಿ ಅಲ್ಲೇ ತಲೆ ಚಾಚಿ ಮಲಗಿತು. ಮಾವನ ಮುಖಕ್ಕೆ ಬಿಸಿಲು ಬಿದ್ದಿತ್ತು. ಕುರ್ಚಿ ಸರಿಸಲೇ ಎಂದು ಕೇಳಿದೆ. ಬೇಡ ಎಂದು ಕೈಯಾಡಿಸಿದ.

"ಲೀಲಕ್ಕ, ಈ ಮೂಲೆಯಲ್ಲಿ ಈ ಸಲ ಗುಳ್ಳ ನೆಡಬೇಡಿ," ಎಂದ.

"ಮರಿ ಆಗ್ತದಾ?" ಎಂದರು ಲೀಲಕ್ಕ.

"ಇಲ್ಲ. ಬರೀ ಮೊಟ್ಟೆ. ಗಂಡಿಲ್ಲದೆ ಇಟ್ಟದ್ದು."

"ಮತ್ತೆ?"

"ಆದರೂ ಇರಲಿ," ಎಂದ ಮಾವ. ಲೀಲಕ್ಕ ಬೇಲಿಯಿಂದ ಒಂದು ಕೋಲು ಮುರಿದು ಅಲ್ಲಿ ನೆಟ್ಟರು.

ಮಾವ ಮುಂದಿನ ವರ್ಷ ಬೇಸಿಗೆಗೆ ಮೊದಲೇ ತೀರಿಕೊಂಡ. ಬೆನ್ನಿನ ಹುಣ್ಣು ಒಳಗೊಳಗೇ ಇಳಿದು ರಕ್ತಕ್ಕೆ ಸೇರಿತ್ತು. ಅವನು ಹೋದ ಮೇಲೆ ಅಮ್ಮ ಕೆಲವು ದಿನ ಬೆಳಗ್ಗೆ ಎದ್ದು ಬಿಸಿನೀರು ಕಾಯಿಸಿ, ಟವೆಲು ಹಿಡಿದು ಮಂಚದ ಬಳಿ ಬಂದು ನಿಂತುಬಿಡುತ್ತಿದ್ದಳು. ನನಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿತು, ನಾವು ಇಲ್ಲಿಗೆ ಬಂದೆವು. ಮಟ್ಟುವಿನ ಮನೆಯನ್ನು ಹೊಳೆ ಮತ್ತೆರಡು ಸಲ ಹೊಕ್ಕಿತು. ಗೋಡೆ ಕುಸಿದು ಈಗ ಅಲ್ಲಿ ಬಾವಿಕಟ್ಟೆ ಮಾತ್ರ ಉಳಿದಿದೆ. ಹೆಣ್ಣೇಮೆ ನಮ್ಮೊಂದಿಗಿದೆ. ಇನ್ನೂ ಬಹಳ ವರ್ಷ ಬದುಕುತ್ತದೆ ಎನ್ನುತ್ತಾರೆ. ಅಮ್ಮ ಅದರೊಡನೆ ತುಳುವಿನಲ್ಲಿ ಮಾತಾಡುತ್ತಾಳೆ. ಹೊಳೆಗೆ ಬಿಡುವ ಮಾತನ್ನು ಮಾತ್ರ ಈಗ ಆಡುವುದಿಲ್ಲ.

ಲೀಲಕ್ಕ ಬದುಕಿರುವವರೆಗೆ ಗದ್ದೆಯ ಆ ಮೂಲೆಯನ್ನು ಹಾಗೆಯೇ ಬಿಟ್ಟಿದ್ದರು. ಗಿಡಗಳ ಸಾಲು ಅಲ್ಲಿಯವರೆಗೆ ಬಂದು, ಕೋಲಿನ ಸುತ್ತ ಬಳಸಿ ಮುಂದೆ ಹೋಗುತ್ತಿತ್ತು. ದಾರಿಯಲ್ಲಿ ಹೋಗುವವರು ಕೇಳಿದರೆ, "ಅಲ್ಲಿ ನಮ್ಮ ಶೇಖರನದ್ದು ಸ್ವಲ್ಪ ಉಂಟು," ಎನ್ನುತ್ತಿದ್ದರಂತೆ. ಕಳೆದ ಸಲ ಹೋದಾಗ ಗದ್ದೆ ಬೇರೆಯವರ ಕೈಯಲ್ಲಿತ್ತು. ಅವರು ಒಳ್ಳೆಯವರು, ಕುಳ್ಳಿರಿಸಿ ನೀರು ಬೆಲ್ಲ ಕೊಟ್ಟರು. ಗುಳ್ಳ ಚೆನ್ನಾಗಿ ಬಂದಿತ್ತು. ನಾನು ಬೇಲಿಯ ಬುಡದವರೆಗೆ ನಡೆದು ನೋಡಿದೆ. ಸಾಲುಗಳು ಎಲ್ಲೂ ಬಳಸದೆ ನೇರವಾಗಿ ಹೋಗಿದ್ದವು.